ಕಾಗದದ ಕೋಟೆ: ಸ್ಟ್ರಾಬೆರಿ ಹಿಲ್ ಮನೆಯ ಕಥೆ

(ಇದು ಉಪನ್ಯಾಸದ ಬರಹ ರೂಪ. ಅಂದು ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಬದಲು ಅಲ್ಲಲ್ಲಿ ಒಂದೆರಡು ಸಾಲು ಜಾಸ್ತಿ ಬರೆದಿದ್ದೇನೆ.)

ಮೊದಲು ಈ ಎರಡು ಚಿತ್ರ ನೋಡಿ. ಎರಡೂ ಛಾವಣಿಯವು. ಗೋಡೆಯಿಂದ ಎದ್ದ ಗೀರುಗಳು, ಅಂದರೆ ಉಬ್ಬು ಪಟ್ಟಿಗಳು, ಮೇಲೆ ಹೋಗುತ್ತಾ ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡಿವೆ. ಒಂದು ಬೀಸಣಿಗೆಯ ಅಂಚು ಇನ್ನೊಂದರ ಅಂಚಿಗೆ ತಾಗಿದೆ. ಎಡಗಡೆಯದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಹಳೇ ಚರ್ಚಿನಲ್ಲಿ ಏಳನೇ ಹೆನ್ರಿ ಕಟ್ಟಿಸಿದ ಪ್ರಾರ್ಥನಾ ಮಂದಿರ, 16ನೇ ಶತಮಾನದ ಆರಂಭದ್ದು. ಬಲಗಡೆಯದು ಅಲ್ಲಿಂದ ಸುಮಾರು ಹತ್ತು ಮೈಲಿ ದೂರದ ಟ್ವಿಕನ್‌ಹ್ಯಾಮ್‌ನಲ್ಲಿ, ಥೇಮ್ಸ್ ನದಿಯ ಹತ್ತಿರ ಇರುವ ಒಂದು ಮನೆ. 1763ರದ್ದು. ನೋಡಿದರೆ ಅಣ್ಣತಮ್ಮಂದಿರ ಹಾಗಿವೆ, ಅಲ್ವಾ?

ಎಡಗಡೆಯದು ಕಲ್ಲು. ಬಲಗಡೆಯದು ಕಾಗದ.

ತಮಾಷೆಗೆ ಹೇಳುತ್ತಿಲ್ಲ. ನಮ್ಮ ಅಜ್ಜಿ ಹಳೇ ಪೇಪರು ನೆನೆಸಿ, ಮೆಂತ್ಯ ಹಾಕಿ ರುಬ್ಬಿ, ಮೊರದ ಸಂದಿಗೆಲ್ಲ ಮೆತ್ತಿ ಬಿಸಿಲಿಗೆ ಇಡುತ್ತಿದ್ದರು. ನಿಮ್ಮಲ್ಲೂ ಹಲವರು ನೋಡಿರುತ್ತೀರಿ. ಹೆಚ್ಚುಕಡಿಮೆ ಅದೇ ಕೆಲಸ ಇದು. ಕಾಗದದ ತಿರುಳಿಗೆ ಅಂಟು ಸೇರಿಸಿ, ಅಚ್ಚಿನಲ್ಲಿ ಒತ್ತಿ, ಒಣಗಿದ ಮೇಲೆ ತಂದು ಮರದ ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದ್ದಾರೆ. ಮೇಲೆ ಬಿಳಿ ಬಣ್ಣ, ಗೀರುಗಳಿಗೆ ಚಿನ್ನದ ರೇಕು. ಮಾಡಿಕೊಟ್ಟವನು ಲಂಡನ್ನಿನ ಲಡ್ಗೇಟ್ ಹಿಲ್‌ನಲ್ಲಿ ಗೋಡೆ ಕಾಗದದ ವ್ಯಾಪಾರ ಮಾಡುತ್ತಿದ್ದ ಥಾಮಸ್ ಬ್ರಾಮ್‌ವಿಚ್.

ಮನೆಯ ಹೆಸರು ಸ್ಟ್ರಾಬೆರಿ ಹಿಲ್. ಕಟ್ಟಿಸಿದವನು ಹೊರೇಸ್ ವಾಲ್‌ಪೋಲ್. ಬ್ರಿಟನ್ನಿನ ಮೊದಲ ಪ್ರಧಾನಿ ಅಂತ ಹೆಸರಾದ ರಾಬರ್ಟ್ ವಾಲ್‌ಪೋಲ್‌ನ ಕಿರಿಯ ಮಗ. ಹುಟ್ಟಿದ್ದು 1717, ತೀರಿಕೊಂಡದ್ದು 1797. ಮದುವೆ ಆಗಲಿಲ್ಲ. ಎಂಬತ್ತರ ಹತ್ತಿರ ಬದುಕಿ, ಅದರಲ್ಲಿ ನಲವತ್ತಕ್ಕೂ ಜಾಸ್ತಿ ವರ್ಷ ಈ ಮನೆ ಕಟ್ಟಿಸುತ್ತಾ, ಕೆಡವಿಸುತ್ತಾ, ಮತ್ತೆ ಕಟ್ಟಿಸುತ್ತಾ ಕಳೆದ. ನಮ್ಮ ಕಡೆ 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತಾರೆ. ಇವನು ಮೊದಲನೆಯದರಲ್ಲೇ ಉಳಿದುಬಿಟ್ಟ.

ಈ ಕಥೆಯಲ್ಲಿ ಕಾಗದ ಎಲ್ಲೆಲ್ಲಿ ಬರುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮೊದಲನೆಯದು ಅವನ ಸಂಬಳದಲ್ಲಿದೆ. ಅಪ್ಪನ ಪ್ರಭಾವದಿಂದ ಅವನಿಗೆ ಸಣ್ಣ ವಯಸ್ಸಿಗೇ ಖಜಾನೆಯಲ್ಲಿ ಒಂದು ಹುದ್ದೆ ಸಿಕ್ಕಿತ್ತು. ಖಜಾನೆ ಕಚೇರಿಗೆ ಬೇಕಾದ ಕಾಗದ, ಲೇಖನಿ, ಮಸಿ, ಅರಗು, ಟೇಪು, ಕತ್ತರಿ ಒದಗಿಸುವುದು ಆ ಹುದ್ದೆಯ ಕೆಲಸ. ದುಡಿಯುವವರು ಬೇರೆಯವರು, ವರಮಾನ ಇವನಿಗೆ. ಇಂಥ ಹುದ್ದೆಗಳು ಇನ್ನೂ ಒಂದೆರಡು ಇದ್ದವು. ಅಂದರೆ ಸರ್ಕಾರ ಕಾಗದಕ್ಕೆ ಕೊಟ್ಟ ದುಡ್ಡಿನ ಒಂದು ಪಾಲು ಈ ಮನೆಯ ಗೋಡೆಗೆ ಹೋಯಿತು.

ಅವನು ಈ ಜಾಗಕ್ಕೆ ಬಂದದ್ದು 1747ರಲ್ಲಿ. ಆಗ ಇದ್ದದ್ದು 1698ರ ಒಂದು ಸಣ್ಣ ಮನೆ. ಕಟ್ಟಿಸಿದವನು ಒಬ್ಬ ಶ್ರೀಮಂತರ ಗಾಡಿ ಹೊಡೆಯುವವನಂತೆ. ಧಣಿಯ ಕುದುರೆಗಳಿಗೆ ಒಳ್ಳೇ ಮೇವಿನ ಬದಲು ಕತ್ತರಿಸಿದ ಒಣಹುಲ್ಲು ಹಾಕಿ, ಉಳಿಸಿದ ದುಡ್ಡಲ್ಲಿ ಕಟ್ಟಿದ ಅಂತ ಊರವರು ಆಡಿಕೊಳ್ಳುತ್ತಿದ್ದರು. ಹಾಗಾಗಿ ಅದಕ್ಕೆ 'ಕತ್ತರಿಸಿದ ಹುಲ್ಲಿನ ಮನೆ' ಅಂತಲೇ ಅಡ್ಡಹೆಸರು. ವಾಲ್‌ಪೋಲ್‌ಗೆ ಮೊದಲು ಅದರಲ್ಲಿ ಬಾಡಿಗೆಗೆ ಇದ್ದವಳು ಲಂಡನ್ನಿನಲ್ಲಿ ಶೋಕಿ ಸಾಮಾನಿನ ಅಂಗಡಿ ಇಟ್ಟಿದ್ದ ಮಿಸೆಸ್ ಶೆನೆವಿಕ್ಸ್. ಆಕೆಯ ಅಂಗಡಿಯಿಂದ ಒಂದು ಆಟಿಕೆ ಮನೆ ಕೊಂಡು ತಂದಿದ್ದೇನೆ ಅಂತ ಈ ಮನೆಯ ಬಗ್ಗೆಯೇ ವಾಲ್‌ಪೋಲ್ ನೆಂಟನಿಗೆ ತಮಾಷೆಯ ಕಾಗದ ಬರೆದ. 1749ರಲ್ಲಿ ಮನೆಯನ್ನು ಕ್ರಯಕ್ಕೆ ತೆಗೆದುಕೊಂಡ. ಹಳೇ ದಸ್ತಾವೇಜು ಬಿಚ್ಚಿ ನೋಡಿದರೆ ಜಾಗಕ್ಕೆ ಸ್ಟ್ರಾಬೆರಿ ಹಿಲ್ ಅಂತ ಹೆಸರಿತ್ತು. ನಮ್ಮ ಪಹಣಿಗಳಲ್ಲಿ ಸಿಗುವ ಹೊಲದ ಹೆಸರಿನ ಹಾಗೆ. ಅಡ್ಡಹೆಸರು ಹೋಯಿತು, ಈ ಹೆಸರು ನಿಂತಿತು.

ಈಗ ಗಾಥಿಕ್ ಅಂದರೇನು ಅಂತ ಎರಡು ಮಾತು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚು ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಅದು 20ನೇ ಶತಮಾನದ್ದು, ಆದರೆ ಚೂಪು ತುದಿಯ ಕಮಾನು, ಉದ್ದ ಕಿಟಕಿ, ಬಣ್ಣದ ಗಾಜು ಎಲ್ಲ ಅದೇ ಮನೆತನದವು. ಮಧ್ಯಯುಗದ ಯುರೋಪಿನಲ್ಲಿ ಇವು ಅಲಂಕಾರ ಆಗಿರಲಿಲ್ಲ, ಲೆಕ್ಕಾಚಾರ ಆಗಿತ್ತು. ಅರ್ಧವೃತ್ತದ ಕಮಾನಿಗಿಂತ ಚೂಪು ಕಮಾನು ಭಾರವನ್ನು ಹೆಚ್ಚು ನೇರವಾಗಿ ಕೆಳಕ್ಕೆ ಇಳಿಸುತ್ತದೆ. ಛಾವಣಿಯ ಗೀರುಗಳು ಆ ಭಾರವನ್ನು ಹಿಡಿದು ಕಂಬಕ್ಕೆ ಮುಟ್ಟಿಸುತ್ತವೆ. ಹೊರಗಡೆಯಿಂದ ಆನಿಕೆ ಕೊಟ್ಟರೆ ಗೋಡೆ ತೆಳ್ಳಗಿರಬಹುದು, ಗೋಡೆಯ ಜಾಗದಲ್ಲಿ ಗಾಜು ಕೂರಿಸಬಹುದು. ಅಷ್ಟೂ ಮಾಡುವುದು ಕಲ್ಲನ್ನು ಮೇಲೆ ನಿಲ್ಲಿಸಲು.

ಸ್ಟ್ರಾಬೆರಿ ಹಿಲ್‌ನ ಛಾವಣಿಯ ಗೀರುಗಳು ಏನನ್ನೂ ಹೊರುವುದಿಲ್ಲ. ಅವನ್ನೇ ಮೇಲಿನ ತೊಲೆಗಳು ಹೊತ್ತಿವೆ. ನಮ್ಮ ಮನೆಗಳ ಪಿಒಪಿ ಫಾಲ್ಸ್ ಸೀಲಿಂಗ್ ಇದ್ದ ಹಾಗೆ.

ಆ ಕಾಲದಲ್ಲಿ ಗಾಥಿಕ್ ಅನ್ನುವುದು ಒಂದು ಬೈಗುಳ ಕೂಡ. ಒರಟು, ಹಳೇ ಕಾಲದ್ದು, ಕಾಡುಜನರದ್ದು ಅಂತ ಅರ್ಥ. ಇಂಗ್ಲೆಂಡಿನ ದೊಡ್ಡವರು ಕಟ್ಟಿಸುತ್ತಿದ್ದದ್ದು ಇಟಲಿಯ ಪಲ್ಲಾಡಿಯೊ ಎಂಬ ವಾಸ್ತುಶಿಲ್ಪಿಯ ಮಾದರಿ: ನಡುವೆ ಬಾಗಿಲು, ಎಡಕ್ಕೆಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ. ವಾಲ್‌ಪೋಲ್‌ನ ಅಪ್ಪ ನಾರ್ಫೋಕ್‌ನಲ್ಲಿ ಕಟ್ಟಿಸಿದ ಹೌಟನ್ ಹಾಲ್ ಅಂಥದ್ದೇ. ಮಗ 1750ರ ಜನವರಿಯಲ್ಲಿ ಇಟಲಿಯಲ್ಲಿದ್ದ ಗೆಳೆಯ ಹೊರೇಸ್ ಮ್ಯಾನ್‌ಗೆ ಬರೆದ: ನಾನೊಂದು ಪುಟ್ಟ ಗಾಥಿಕ್ ಕೋಟೆ ಕಟ್ಟಿಸುತ್ತಿದ್ದೇನೆ, ಹಳೇ ಬಣ್ಣದ ಗಾಜು ಸಿಕ್ಕರೆ ಕಳಿಸು. ಮುಂದಿನ ತಿಂಗಳ ಕಾಗದದಲ್ಲಿ, ಕಟ್ಟಡ ಎಡಬಲ ಸಮ ಇರಲೇಬೇಕು ಅಂತೇನಿಲ್ಲ, ಅಂಕುಡೊಂಕೇ ನನಗಿಷ್ಟ ಅಂದ. ಇದು ಸಣ್ಣ ಮಾತಲ್ಲ. ಹಳ್ಳಿಗಾಡಿನಲ್ಲಿ ಶ್ರೀಮಂತರು ಮನೆ ಕಟ್ಟಿಸುವಾಗ ಬೇಕೆಂದೇ ಎಡಬಲ ತಪ್ಪಿಸುವ ರೂಢಿಗೆ ಈ ಮನೆ ದೊಡ್ಡ ಕುಮ್ಮಕ್ಕು ಕೊಟ್ಟಿತು.

ಈ ಚಿತ್ರದಲ್ಲಿ ಮನೆಯ ಹೊರಗಡೆ ನೋಡಿ. ಸುಣ್ಣದ ಗಾರೆಯ ಅಚ್ಚಬಿಳಿ ಗೋಡೆ. ಒಂದು ತುದಿಗೆ ದಪ್ಪ ದುಂಡು ಗೋಪುರ, ಅದರ ಮಗ್ಗುಲಲ್ಲೇ 1776ರ ಸಪೂರ ಗೋಪುರ. ಒಂದು ಕಿಟಕಿ ಇದ್ದ ಹಾಗೆ ಇನ್ನೊಂದಿಲ್ಲ. ಎಲ್ಲಿ ಮುಂಬಾಗಿಲು ಅಂತ ಹುಡುಕಬೇಕು. ಒಂದೇ ಸಲಕ್ಕೆ ನಕ್ಷೆ ಹಾಕಿ ಕಟ್ಟಿದ್ದಲ್ಲ. ಮಗ್ಗಿನಲ್ಲಿ ಬಟ್ಟೆ ಬೆಳೆದ ಹಾಗೆ ಪಶ್ಚಿಮಕ್ಕೆ ಬೆಳೆಯುತ್ತಾ ಹೋಗಿದೆ. ಮೇಲಿನ ತೆನೆಗಳು, ಚೂಪು ಶಿಖರಗಳು ಮರದವು. ಇಂಗ್ಲೆಂಡಿನ ಮಳೆಗೆ ಅವು ಕೊಳೆಯುತ್ತಿದ್ದವು, ಮತ್ತೆ ಹಾಕಿಸುತ್ತಿದ್ದ. ವಾಲ್‌ಪೋಲ್ ತನ್ನ ಕೋಟೆಯ ಮೂರು ಸೆಟ್ ತೆನೆಗಳಿಗಿಂತ ಜಾಸ್ತಿ ಬಾಳಿದ ಅಂತ ಗೆಳೆಯನೊಬ್ಬ ಚುಡಾಯಿಸಿದ್ದಾನೆ.

ಒಳಗೆ ಹೋಗೋಣ. ಹೊರಗಿನ ಬಿಳುಪಿನಿಂದ ಕಾಲಿಟ್ಟರೆ ಒಳಗೆ ಬೂದಿ ಬಣ್ಣದ ಕತ್ತಲು. ನಾನು ಹೋದಾಗ ಕಣ್ಣು ಹೊಂದಿಕೊಳ್ಳಲು ಅರ್ಧ ನಿಮಿಷ ಬೇಕಾಯಿತು. ಇದು ಬೇಕೆಂದೇ ಮಾಡಿದ್ದು. ಹಳೇ ಚರ್ಚುಗಳ ಕತ್ತಲೂ ಬೇಕು, ಮನೆಯ ಬೆಚ್ಚಗೂ ಬೇಕು ಅಂತ 'ಗ್ಲೂಮ್' (ಮಬ್ಬು), 'ವಾರ್ಮ್ತ್' (ಬೆಚ್ಚಗೆ) ಎರಡೂ ಪದ ಬೆರೆಸಿ ವಾಲ್‌ಪೋಲ್ 'ಗ್ಲೂಮ್ತ್' ಅಂತ ಹೊಸ ಪದ ಟಂಕಿಸಿದ. ನಾವು ಬೇಕಾದರೆ 'ಮಬ್ಬೆಚ್ಚಗೆ' ಅನ್ನಬಹುದೇನೋ. ಮಳೆಗಾಲದಲ್ಲಿ ಮಲೆನಾಡಿನ ತೊಟ್ಟಿಮನೆಯ ಒಳಕೋಣೆಯಲ್ಲಿ ಕಂಬಳಿ ಹೊದ್ದು ಕೂತವರಿಗೆ ಅರ್ಥ ಆಗುತ್ತದೆ.

ಆ ಮಬ್ಬಿನಲ್ಲಿ ಮೆಟ್ಟಿಲು. ಮರದ ಕಟಕಟೆಯ ಮೂಲೆಮೂಲೆಯಲ್ಲಿ ಗುರಾಣಿ ಹಿಡಿದು ಕೂತ ಜಿಂಕೆಗಳು. ಗೋಡೆ ತುಂಬ ಕಲ್ಲಿನ ಜಾಲಂದ್ರದ ಕೆತ್ತನೆ ಅನ್ನಿಸುತ್ತದೆ. ಹತ್ತಿರ ಹೋದರೆ ಕೆತ್ತನೆಯ ನೆರಳೂ ಬಣ್ಣದ್ದೇ! ಪೂರ್ತಿ ಕಾಗದ. ವೂಸ್ಟರ್ ಎಂಬ ಊರಿನ ಕೆಥೆಡ್ರಲ್‌ನಲ್ಲಿ, ಅಂದರೆ ದೊಡ್ಡ ಚರ್ಚಿನಲ್ಲಿ, ಇರುವ ರಾಜಕುಮಾರ ಆರ್ಥರನ ಸಮಾಧಿ ಮಂದಿರದ ವಿನ್ಯಾಸವನ್ನು ಕೈಯಿಂದ ಬರೆಸಿ ಗೋಡೆಗೆ ಅಂಟಿಸಿದ್ದು. ಕಂಪನಿ ನಾಟಕದ ಅರಮನೆ ಪರದೆ ನೆನಪಾಗುತ್ತದೆ. ಕಂಬಗಳ ಸಾಲು ಹಿಂದಕ್ಕೆ ಹೋದ ಹಾಗೆ ಬರೆದಿರುತ್ತಾರಲ್ಲ, ಗಾಳಿ ಬೀಸಿದರೆ ಅರಮನೆಯೇ ಅಲ್ಲಾಡುವುದು, ಆ ಪರದೆ. ಅದನ್ನು ಯಾರೂ ಮೋಸ ಅನ್ನಲ್ಲ. ಈ ಗೋಡೆಯೂ ಹಾಗೇ. ಇದು ಕಾಗದ, ದೃಷ್ಟಿಭ್ರಮೆ ಬರುವ ಹಾಗೆ ಬರೆಸಿದ್ದು ಅಂತ ಅವನೇ ಗೆಳೆಯರಿಗೆ ಬರೆದು ತಿಳಿಸಿದ್ದಾನೆ.

ಇಷ್ಟೆಲ್ಲ ವಿನ್ಯಾಸ ಎಲ್ಲಿಂದ ಬಂತು? ವಾಲ್‌ಪೋಲ್‌ಗೆ ಇಬ್ಬರು ಗೆಳೆಯರು ಜೊತೆಯಾದರು. ಹ್ಯಾಂಪ್‌ಶೈರ್‌ನ ಜಾನ್ ಚೂಟ್ ಮತ್ತು ಚಿತ್ರ ಬರೆಯುವುದರಲ್ಲಿ ಎತ್ತಿದ ಕೈಯಾದ ರಿಚರ್ಡ್ ಬೆಂಟ್ಲಿ. ಮೂವರೂ ವೃತ್ತಿಯಿಂದ ವಾಸ್ತುಶಿಲ್ಪಿಗಳಲ್ಲ. ತಮ್ಮನ್ನು 'ಅಭಿರುಚಿಯ ಸಮಿತಿ' ಅಂತ ಕರೆದುಕೊಂಡರು. ಗೋಡೆ ಬೀಳದ ಹಾಗೆ ನೋಡಿಕೊಂಡವನು ಸರ್ಕಾರಿ ಕಟ್ಟಡ ಇಲಾಖೆಯ ವಿಲಿಯಂ ರಾಬಿನ್ಸನ್. ಇಂಥ ಕಥೆಗಳಲ್ಲಿ ಅವನ ಹೆಸರು ಕೊನೆಗೆ ಬರುತ್ತದೆ, ನಾನೂ ಅದೇ ತಪ್ಪು ಮಾಡಿದೆ.

ಸಮಿತಿಯ ಕೆಲಸದ ವಿಧಾನ ಬಹಳ ಸರಳ. ಹಳೇ ಚರ್ಚುಗಳ ಚಿತ್ರಗಳಿರುವ ಪುಸ್ತಕ ಬಿಚ್ಚುವುದು. ಚೆನ್ನಾಗಿರುವ ಒಂದು ಸಮಾಧಿ ಹುಡುಕುವುದು. ಅದನ್ನು ಬೆಂಕಿಗೂಡು ಮಾಡುವುದು! ಗ್ರಂಥಾಲಯದ ಬೆಂಕಿಗೂಡಿಗೆ ಮಾದರಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿರುವ ಎಲ್ಟಮ್‌ನ ಜಾನ್ ಎಂಬ ರಾಜಕುಮಾರನ ಗೋರಿ. ಹೋಲ್‌ಬೀನ್ ಎಂಬ ಚಿತ್ರಕಾರನ ಹೆಸರಿನ ಕೋಣೆಯದಕ್ಕೆ ಕ್ಯಾಂಟರ್‌ಬರಿಯಲ್ಲಿರುವ ಆರ್ಚ್‌ಬಿಷಪ್ ವಾರ್‌ಹ್ಯಾಮ್‌ನ ಗೋರಿ. ದುಂಡು ಗೋಪುರದ ಕೋಣೆಯದಕ್ಕೆ ಸಂತನೆನಿಸಿದ ದೊರೆ ಎಡ್ವರ್ಡ್‌ನದು. ಈ ಕೊನೆಯದನ್ನು ತಿದ್ದಿಕೊಟ್ಟವನು ರಾಬರ್ಟ್ ಆಡಮ್, ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ. ನಮಗೆ ಗೋರಿಯ ಮಾದರಿ ಮನೆಯೊಳಗೆ ಬಂದರೆ ಕೈಕಾಲು ತಣ್ಣಗಾಗುತ್ತದೆ. ಇವರಿಗೆ ಅದರ ಮುಂದೆ ಕೂತು ಕೈಕಾಲು ಬೆಚ್ಚಗಾಗುತ್ತಿತ್ತು.

ಗ್ರಂಥಾಲಯದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನನ್ನ ಮಟ್ಟಿಗೆ ಇಡೀ ಮನೆಯ ಗುಟ್ಟು ಇಲ್ಲಿದೆ. 1754ರಲ್ಲಿ ಮುಗಿದದ್ದು. ಸುತ್ತಲೂ ಪುಸ್ತಕದ ಕಪಾಟುಗಳು, ಪ್ರತಿಯೊಂದರ ಮುಂದೆ ಬಿಳಿ ಬಣ್ಣದ ಚೂಪು ಕಮಾನು, ಕಮಾನಿನ ಒಳಗೆ ಜಾಲರಿ ಕೆತ್ತನೆ. ಬೆಂಟ್ಲಿ ಮೊದಲು ಒಂದು ವಿನ್ಯಾಸ ಕೊಟ್ಟ, ವಾಲ್‌ಪೋಲ್‌ಗೆ ಹಿಡಿಸಲಿಲ್ಲ. ಕೊನೆಗೆ ಚೂಟ್ ಮಾಡಿದ್ದು ನಿಂತಿತು. ಅದರ ಮೂಲ ಲಂಡನ್ನಿನ ಹಳೇ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಒಂದು ಬಾಗಿಲು.

ಹಳೇ ಸೇಂಟ್ ಪಾಲ್ಸ್ 1666ರ ಮಹಾಬೆಂಕಿಯಲ್ಲಿ ಸುಟ್ಟುಹೋಗಿತ್ತು. ಚೂಟ್ ಆಗಲಿ ವಾಲ್‌ಪೋಲ್ ಆಗಲಿ ಆ ಬಾಗಿಲನ್ನು ಕಣ್ಣಾರೆ ನೋಡಿರಲು ಸಾಧ್ಯವೇ ಇಲ್ಲ. ಬೆಂಕಿಗೆ ಎಂಟು ವರ್ಷ ಮುಂಚೆ, 1658ರಲ್ಲಿ, ವಿಲಿಯಂ ಡಗ್‌ಡೇಲ್ ಎಂಬ ಪಂಡಿತ ಆ ಕೆಥೆಡ್ರಲ್‌ನ ಚರಿತ್ರೆ ಅಚ್ಚು ಹಾಕಿಸಿದ್ದ. ಅದಕ್ಕೆ ವೆನ್ಸೆಸ್ಲಾಸ್ ಹೊಲ್ಲರ್ ತಾಮ್ರದ ಫಲಕದಲ್ಲಿ ಕೊರೆದು ಚಿತ್ರ ಮಾಡಿಕೊಟ್ಟಿದ್ದ. ಕಟ್ಟಡ ಬೂದಿಯಾಯಿತು, ಚಿತ್ರ ಉಳಿಯಿತು. ನೂರು ವರ್ಷ ಆದ ಮೇಲೆ ಆ ಚಿತ್ರದಿಂದ ಬಾಗಿಲು ಎದ್ದು ಬಂದು, ಮರದ ಮೈ ತಳೆದು, ಪುಸ್ತಕಗಳಿಗೇ ಕಾವಲು ನಿಂತಿತು. ಕಮಾನುಗಳಿಗೆ ಕೀಲು ಹಾಕಿದ್ದಾರೆ. ಮೇಲಿನ ಸಾಲಿನ ಪುಸ್ತಕ ಬೇಕಾದರೆ ಇಡೀ ಕಮಾನನ್ನೇ ಬಾಗಿಲಿನ ಹಾಗೆ ಎಳೆದುಕೊಳ್ಳಬಹುದು. ಸುಟ್ಟ ಚರ್ಚಿನ ಬಾಗಿಲು ಮತ್ತೆ ತೆರೆಯುತ್ತದೆ, ಆದರೆ ಒಳಗೆ ದೇವರಿಲ್ಲ, ಪುಸ್ತಕ ಇದೆ. ದುಂಡು ಕೋಣೆಯ ಛಾವಣಿಗೂ ಅದೇ ಸೇಂಟ್ ಪಾಲ್ಸ್‌ನ ಚಕ್ರಾಕಾರದ ಕಿಟಕಿಯೇ ಮಾದರಿ. ಗೋಡೆಯಲ್ಲಿ ನಿಂತಿದ್ದ ಕಿಟಕಿಯನ್ನು ತಲೆಯ ಮೇಲೆ ಮಲಗಿಸಿದ್ದಾರೆ.

ಸಾಚಾ ಗಾಥಿಕ್ ಅಲ್ಲ ಇದು ಅಂತ ಮುಂದಿನ ಶತಮಾನದವರು ಮೂಗು ಮುರಿದರು. ಅವರ ಮಾತು ಸುಳ್ಳಲ್ಲ. ಆದರೆ ಮದುವೆ ಛತ್ರದಲ್ಲಿ ಥರ್ಮೊಕೋಲಿನ ಶಿಲಾಬಾಲಿಕೆ ನೋಡಿದಾಗ ನನಗೆ ಬರುವ ಸಿಟ್ಟು ಇಲ್ಲಿ ಬರುವುದಿಲ್ಲ. ಅಲ್ಲಿ ಯಾವ ದೇವಸ್ಥಾನದ ಶಿಲಾಬಾಲಿಕೆ ಅಂತ ಮಾಡಿದವರಿಗೇ ಗೊತ್ತಿರುವುದಿಲ್ಲ. ಇಲ್ಲಿ ಪ್ರತಿ ಗೂಡು, ಪ್ರತಿ ಪರದೆ, ಪ್ರತಿ ಕಮಾನು ಯಾವ ಊರಿನ ಯಾವ ಗೋರಿಯದು ಅಂತ ವಾಲ್‌ಪೋಲ್ ತಾನೇ ಒಂದು ವಿವರಣೆ ಬರೆದು ಅಚ್ಚು ಹಾಕಿಸಿದ. ಮೊದಲು 1774ರಲ್ಲಿ, ಚಿತ್ರ ಸೇರಿಸಿ ಮತ್ತೆ 1784ರಲ್ಲಿ. ಅಚ್ಚಾದದ್ದೂ ಮನೆಯ ಜಾಗದಲ್ಲೇ. 1757ರಿಂದ ಅಲ್ಲಿ ಅವನದೇ ಮುದ್ರಣಾಲಯ ಇತ್ತು. ಮೊದಲ ಪುಸ್ತಕ ಗೆಳೆಯ ಥಾಮಸ್ ಗ್ರೇಯ ಕವನಗಳು.

ಮೊದಲು ತೋರಿಸಿದ ಛಾವಣಿ ಇರುವುದು ಗ್ಯಾಲರಿಯಲ್ಲಿ. 56 ಅಡಿ ಉದ್ದ, 13 ಅಡಿ ಅಗಲ, 17 ಅಡಿ ಎತ್ತರ. ಬೂದಿ ಬಣ್ಣದ ಮಬ್ಬಿನಿಂದ, ಇಕ್ಕಟ್ಟು ಓಣಿಯಿಂದ ಇಲ್ಲಿಗೆ ಬಂದು ಬಿದ್ದರೆ ಕಣ್ಣು ಕುಕ್ಕುತ್ತದೆ. ಕಡುಗೆಂಪು ರೇಷ್ಮೆಯಂಥ ಗೋಡೆಬಟ್ಟೆ, ಗೂಡುಗಳಲ್ಲಿ ಕನ್ನಡಿ, ಕನ್ನಡಿಯ ಮೇಲೆ ಚಿನ್ನದ ಬಲೆ. ಸ್ವಲ್ಪ ಅತಿಯಾಯಿತು ಅಂತಲೇ ನನಗೆ ಅನ್ನಿಸಿತು. ಆದರೆ ಕತ್ತಲು ಮೊದಲು, ಬಂಗಾರ ಆಮೇಲೆ ಅನ್ನುವ ಈ ಕ್ರಮ ನೋಡಿ. ಗರ್ಭಗುಡಿಯ ದೀಪಕ್ಕೆ ಕತ್ತಲು ಎಷ್ಟು ಬೇಕು ಅಂತ ನಮಗೆ ಗೊತ್ತಲ್ಲ.

ಮನೆ ಮುಗಿಯುವ ಮುಂಚೆಯೇ ಜನ ನೋಡಲು ಬರತೊಡಗಿದರು. ಕೊನೆಗೆ ಟಿಕೆಟ್ ಅಚ್ಚು ಹಾಕಿಸಬೇಕಾಯಿತು. ದಿನಕ್ಕೆ ನಾಲ್ಕೇ ಜನ. ಮೇ 1ರಿಂದ ಅಕ್ಟೋಬರ್ 1ರವರೆಗೆ, ಮಧ್ಯಾಹ್ನ 12ರಿಂದ 3ರ ಒಳಗೆ. ಮಕ್ಕಳನ್ನು ಕರೆತರಬಾರದು. ಮನೆ ತೋರಿಸುತ್ತಿದ್ದ ಕೆಲಸದಾಕೆ ಮಾರ್ಗರೆಟ್‌ಗೆ ಎಷ್ಟು ಭಕ್ಷೀಸು ಸಿಗುತ್ತಿತ್ತೆಂದರೆ, ಆಕೆಯನ್ನೇ ಮದುವೆಯಾದರೆ ಹಾಕಿದ ದುಡ್ಡು ವಾಪಸ್ ಬರಬಹುದು ಅಂತ ವಾಲ್‌ಪೋಲ್ ನಗೆಯಾಡಿದ. ಬಂದವರಿಗೆ ನೋಡಲು ಒಂದು ಚೀನಾ ಪಿಂಗಾಣಿ ತೊಟ್ಟಿಯೂ ಇತ್ತು. ಅವನ ಸೆಲಿಮಾ ಎಂಬ ಬೆಕ್ಕು ಬಂಗಾರದ ಮೀನಿಗೆ ಆಸೆಪಟ್ಟು ಬಿದ್ದು ಸತ್ತ ತೊಟ್ಟಿ ಅದು. ಅದಕ್ಕೂ ಗಾಥಿಕ್ ಪೀಠ!

1764ರ ಜೂನ್‌ನಲ್ಲಿ ವಾಲ್‌ಪೋಲ್‌ಗೆ ಒಂದು ಕನಸು ಬಿತ್ತು. ಹಳೇ ಕೋಟೆ, ದೊಡ್ಡ ಮೆಟ್ಟಿಲು, ಮೇಲಿನ ಕಟಕಟೆಯ ಮೇಲೆ ಉಕ್ಕಿನ ಕವಚ ತೊಟ್ಟ ರಾಕ್ಷಸಾಕಾರದ ಒಂದು ಕೈ. ಸಂಜೆ ಕೂತು ಬರೆಯತೊಡಗಿದ. ಎರಡು ತಿಂಗಳೊಳಗೆ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಮುಗಿಯಿತು. ವರ್ಷದ ಕೊನೆಗೆ 500 ಪ್ರತಿ, ತಾನು ಬರೆದದ್ದಲ್ಲ, ಹಳೇ ಇಟಾಲಿಯನ್ ಕಥೆಯ ಅನುವಾದ ಅನ್ನುವ ಸೋಗಿನಲ್ಲಿ ಹೊರಬಂತು. ಇಂಗ್ಲಿಷಿನ ಮೊದಲ ಗಾಥಿಕ್ ಕಾದಂಬರಿ ಅನ್ನುವುದು ಇದನ್ನೇ. ಆ ಕನಸಿನ ಮೆಟ್ಟಿಲಿನ ಅಚ್ಚು ಎಲ್ಲಿಯದು ಅಂತ ನಾನು ಹೇಳಬೇಕಿಲ್ಲ. ದಿನಾ ರಾತ್ರಿ ಅದನ್ನೇ ಹತ್ತಿ ಮಲಗಲು ಹೋಗುತ್ತಿದ್ದ. ಪುಸ್ತಕದ ಚಿತ್ರದಿಂದ ಮನೆ, ಮನೆಯಿಂದ ಮತ್ತೆ ಪುಸ್ತಕ.

1761ರಲ್ಲೇ ಅವನು ಬರೆದಿದ್ದ: ನನ್ನ ಕಟ್ಟಡಗಳೂ ನನ್ನ ಬರಹದ ಹಾಗೆ ಕಾಗದದವು, ನಾನು ಸತ್ತು ಹತ್ತು ವರ್ಷಕ್ಕೆ ಹಾರಿಹೋಗುತ್ತವೆ. ಒಂದು ಸಲ ಸ್ವಲ್ಪ ಹಾರಿಯೂ ಹೋಯಿತು. 1772ರ ಜನವರಿಯಲ್ಲಿ ಹತ್ತಿರದ ಹೌನ್ಸ್‌ಲೋದ ಸಿಡಿಮದ್ದಿನ ಗಿರಣಿ ಸಿಡಿದು, ಆಸೆಪಟ್ಟು ಕೂಡಿಸಿದ್ದ ಬಣ್ಣದ ಗಾಜುಗಳಲ್ಲಿ ಹಲವು ಪುಡಿಯಾದವು. ಆದರೂ ಮನೆ ನಿಂತಿತು.

ಇಲ್ಲಿ ಇನ್ನೊಬ್ಬನ ಕಥೆ ಹೇಳದೆ ಇರಲಾರೆ. ವಿಲಿಯಂ ಬೆಕ್‌ಫರ್ಡ್. ಜಮೈಕಾದಲ್ಲಿ ಗುಲಾಮರು ದುಡಿದ ಕಬ್ಬಿನ ತೋಟಗಳ ದುಡ್ಡು. ಅವನು ಸ್ಟ್ರಾಬೆರಿ ಹಿಲ್ ಅನ್ನು 'ಗಾಥಿಕ್ ಇಲಿಬೋನು' ಅಂತ ಹಂಗಿಸಿದ. ತಾನು ವಿಲ್ಟ್‌ಶೈರ್‌ನಲ್ಲಿ ವಾಸ್ತುಶಿಲ್ಪಿ ಜೇಮ್ಸ್ ವ್ಯಾಟ್ ಕೈಲಿ ಫಾಂಟ್‌ಹಿಲ್ ಅಬ್ಬೆ ಎಂಬ ಭಾರಿ ಮನೆ ಕಟ್ಟಿಸಿದ. ಗೋಪುರವೇ 280 ಅಡಿ ಹತ್ತಿರ. ಅವಸರವೋ ಅವಸರ, ರಾತ್ರಿ ಬೆಂಕಿಯ ಬೆಳಕಿನಲ್ಲೂ ಕೆಲಸ. ತಳಪಾಯ ಮಾತ್ರ ಸರಿ ಇರಲಿಲ್ಲ. 1822ರಲ್ಲಿ ಅವನು ಮಾರಿದ್ದು ಬಂಗಾಳದಲ್ಲಿ ಸಿಡಿಮದ್ದಿನ ಗುತ್ತಿಗೆಯಿಂದ ಸಿರಿವಂತನಾಗಿದ್ದ ಜಾನ್ ಫಾರ್ಕರ್‌ಗೆ. 1825ರ ಡಿಸೆಂಬರ್‌ನಲ್ಲಿ ಗೋಪುರ ಕುಸಿಯಿತು. ಇವತ್ತು ಅಲ್ಲಿ ಉಳಿದಿರುವುದು ಒಂದು ತುಣುಕು. ಇಲಿಬೋನು ಹಾಗೇ ಇದೆ.

ಹಾಗಂತ ಅದಕ್ಕೇನೂ ಆಗಲಿಲ್ಲ ಅಂತಲ್ಲ. 1842ರಲ್ಲಿ ವಾರಸುದಾರನಾದ ವಾಲ್ಡ್‌ಗ್ರೇವ್ ಮನೆತನದವನು ಒಳಗಿದ್ದದ್ದನ್ನೆಲ್ಲ ಹರಾಜಿಗೆ ಹಾಕಿದ. 24 ದಿನ ನಡೆಯಿತು. ಬೆಕ್ಕಿನ ತೊಟ್ಟಿಯೂ ಹೋಯಿತು. ಆಮೇಲೆ ಅದೇ ಮನೆತನದ ಸೊಸೆ ಫ್ರಾನ್ಸೆಸ್ ವಾಲ್ಡ್‌ಗ್ರೇವ್ ಮನೆಯನ್ನು ರಿಪೇರಿ ಮಾಡಿಸಿ, ಒಂದು ಪಾರ್ಶ್ವ ಸೇರಿಸಿ, ರಾಜಕಾರಣಿಗಳಿಗೆ ಔತಣ ಕೊಡುತ್ತಿದ್ದಳು. 1923ರಲ್ಲಿ ಕ್ಯಾಥೊಲಿಕ್ ಶಿಕ್ಷಕರ ತರಬೇತಿ ಕಾಲೇಜಿಗೆ ಹೋಯಿತು. ಈಗಲೂ ಪಕ್ಕದಲ್ಲೇ ಸೇಂಟ್ ಮೇರೀಸ್ ವಿಶ್ವವಿದ್ಯಾಲಯ ಇದೆ. 21ನೇ ಶತಮಾನಕ್ಕೆ ಬರುವಷ್ಟರಲ್ಲಿ ಸೂರು ಸೋರಿ ಗೋಡೆಗಳು ಹಾಳಾಗಿದ್ದವು. ಒಂದು ಟ್ರಸ್ಟ್ ಮುಂದೆ ಬಂದು ಸುಮಾರು 90 ಲಕ್ಷ ಪೌಂಡ್ ಖರ್ಚಿನಲ್ಲಿ ದುರಸ್ತಿ ಮಾಡಿಸಿ 2010ರಲ್ಲಿ ಮತ್ತೆ ಬಾಗಿಲು ತೆರೆಯಿತು.

ದುರಸ್ತಿಗೆ ದಾರಿ ತೋರಿಸಿದ್ದು ಏನು ಅಂತೀರಿ? ವಾಲ್‌ಪೋಲ್‌ನ 1784ರ ಪುಸ್ತಕ, ಅವನ ಕಾಲದ ಜಲವರ್ಣ ಚಿತ್ರಗಳು, ಅವನು ಬರೆದ ಸಾವಿರಾರು ಕಾಗದಗಳು. ಆ ಕಾಗದಗಳೇ ಈಗ 48 ಸಂಪುಟಗಳಲ್ಲಿ ಅಚ್ಚಾಗಿವೆ. ಮೆಟ್ಟಿಲ ಗೋಡೆಯ ಕಾಗದವನ್ನು ಮತ್ತೆ ಕೈಯಿಂದ ಬರೆಸಿದರು.

ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆ. ಕಾಗದದ ಛಾವಣಿ ಮಳೆಗೆ ನೆನೆಯಲ್ವಾ ಅಂತ ಒಬ್ಬರು ಕೇಳಿದರು. ಅದರ ಮೇಲೆ ನಿಜವಾದ ಸೂರು ಬೇರೆ ಇದೆ. ಅದು ಸೋರದಿದ್ದರೆ ಇದಕ್ಕೆ ಭಯವಿಲ್ಲ. ಇನ್ನೊಬ್ಬರ ಮಗಳು ಲಂಡನ್ನಿನಲ್ಲಿದ್ದಾಳಂತೆ, ಹೋಗಿ ನೋಡಬಹುದಾ ಅಂತ ಕೇಳಿದರು. ವಾಟರ್ಲೂನಿಂದ ರೈಲಿದೆ, ನಿಲ್ದಾಣದ ಹೆಸರೇ ಸ್ಟ್ರಾಬೆರಿ ಹಿಲ್, ಅಲ್ಲಿಂದ ನಡೆದೇ ಹೋಗಬಹುದು. ಎಲ್ಲ ದಿನ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೋಗಿ. ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ, ಈಗ ಬಿಡುತ್ತಾರೆ.